ಬೆರಕೆ

ಮುಳಬಾಗಿಲು ದಾಟಿ, ಕೆರೆ ಏರಿ ಇಳಿದ ಮೇಲೆ ಸಿಗುವ
ಕೆಂಪು ಹೊಲದಲ್ಲಿ ತಗಡಿನ ಚೌಕ ಹುಗಿದೆವು.
ಮೀಟರ್ ಉದ್ದ, ಮೀಟರ್ ಅಗಲ, ಗೇಣು ಆಳ.
ಒಳಗೆ ಮೂರು ಸಾಲು ರಾಗಿ, ಅಂಚಿಗೊಂದು ಅಕ್ಕಡಿ ಅವರೆ.
ಹೊರಗೆ ಉಳಿದ ಲೋಕ.

ಎರಡು ಚಮಚ ಯೂರಿಯಾ.
ಸೊಸೈಟಿಯ ಮೂಟೆಯಲ್ಲಿರುವಂಥದೇ ಬಿಳಿ.
ಬೆಲೆ ಕೇಳಿ ಪಿಳ್ಳಕ್ಕ ಅಂದಳು,
ಎರಡು ಮೇಕೆ ಬಂದಾವು.
ಅಂಥಾದ್ದೇನೈತೆ ಇದರಾಗೆ?

ಭಾರ, ಅಂದೆ.
ಸಾರಜನಕದ ಕಣ ಸಾಮಾನ್ಯವಾಗಿ ಹದಿನಾಲ್ಕು ತೂಗುತ್ತದೆ,
ಇದರಲ್ಲಿ ಹತ್ತಕ್ಕೊಂದು ಹದಿನೈದು.
ವಿಷವಾ?
ಅಲ್ಲ, ಗಾಳಿಯಲ್ಲೂ ಇದೆ,
ಇನ್ನೂರೆಪ್ಪತ್ಮೂರರಲ್ಲಿ ಒಂದು,
ಹುಟ್ಟಿದಾಗಿನಿಂದ ಎಳಕೊಂಡು ಬಿಡ್ತಾನೇ ಇದ್ದೀರ.
ಮತ್ತೆ ಹಾಕೋದ್ಯಾಕೆ?
ಎಲ್ಲಿಗೆ ಹೋಗುತ್ತೆ ಅಂತ ನೋಡೋಕೆ.

ಅವಳು ಕುಡುಗೋಲು ಬದಲಾಯಿಸಿ ಹಿಡಿದು
ಸ್ವಲ್ಪ ಹೊತ್ತಿನ ಮೇಲೆ,
ಕುರಿ ಕಿವಿ ಕತ್ತರಿಸಿ ಮಂದೆಗೆ ಬಿಡ್ತೀವಲ್ಲ, ಅಂಗೆ.
ನನ್ನ ಪ್ರಬಂಧದ ಮೊದಲ ಅಧ್ಯಾಯ
ನಲವತ್ತೆರಡು ಪುಟ
ಅಲ್ಲಿಗೆ ಮುಗಿಯಿತು.

ಕೊಯ್ದೆವು. ತೆನೆ ಬೇರೆ, ಹುಲ್ಲು ಬೇರೆ, ಬೇರು ತೊಳೆದು ಬೇರೆ.
ಮಣ್ಣನ್ನು ಮೂರು ಆಳದಿಂದ ಬಗೆದೆವು.
ಒಲೆಯಲ್ಲಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿ
ರಾಗಿಕಾಳಿಗಿಂತ ತುಸು ದೊಡ್ಡ ತವರದ ಬಟ್ಟಲಲ್ಲಿ
ಉಸಿರು ಬಿಗಿಹಿಡಿದು ತೂಗಿ
(ಒಮ್ಮೆ ಸೀನಿದೆ, ಎರಡು ದಿನದ ಕೆಲಸ ಹಾರಿತು)
ದೂರದ ಯಂತ್ರಕ್ಕೆ ಕಳಿಸಿದೆ.

ಎರಡು ತಿಂಗಳಿಗೆ ಅಂಕಿ ಬಂತು.
ರಾಗಿ ಉಂಡದ್ದು ನೂರಕ್ಕೆ ಮೂವತ್ತೊಂದು.
ಮಣ್ಣು ಬಚ್ಚಿಟ್ಟದ್ದು ಮೂವತ್ತೇಳು.
ಅವರೆ ನಾವಿಟ್ಟದ್ದನ್ನು ಮುಟ್ಟಿಯೂ ಮುಟ್ಟದ ಹಾಗೆ
ಬೇರಿನ ಗಂಟುಗಳಲ್ಲಿ ಗಾಳಿಯನ್ನೇ ಅಡುಗೆ ಮಾಡಿಕೊಂಡಿತ್ತು,
ನೆಂಟರ ಮನೆಯಲ್ಲಿ ಬುತ್ತಿ ಬಿಚ್ಚಿದ ಹಾಗೆ.
ಉಳಿದದ್ದು ಲೆಕ್ಕಕ್ಕಿಲ್ಲ.
ಆವಿಯಾಯಿತು, ಇಂಗಿತು ಅಂತ ಬರೆ, ಎಲ್ಲರೂ ಬರೆಯುತ್ತಾರೆ,
ಅಂದರು ಗೈಡು.
ಬರೆದೆ.

ಆಮೇಲೆ ನೆನಪಾಯಿತು
ಬಿತ್ತಿ ಐದನೇ ವಾರ, ಚೌಕದೊಳಗೆ ಕೂತು
ಪಿಳ್ಳಕ್ಕ ಕಿತ್ತದ್ದು:
ಅಣ್ಣೆ, ಗುರುಗು, ಗೋಣಿ, ಒಂದೆರಡು ಎಳೆ ಕನ್ನೆ.
ಆವತ್ತು ಮಧ್ಯಾಹ್ನ ಅವಳ ಜಗುಲಿಯಲ್ಲಿ
ಬಿಸಿ ಮುದ್ದೆಗೆ ಬೆರಕೆ ಸೊಪ್ಪಿನ ಸಾರು,
ಮಸೆದ ಬೆಳ್ಳುಳ್ಳಿಯ ಘಾಟು.
ಎರಡು ಸಲ ಹಾಕಿಸಿಕೊಂಡಿದ್ದೆ.

ಉಗುರು ಕತ್ತರಿಸಿ ಅರೆದು ಕಳಿಸೋಣ ಅನ್ನಿಸಿತು.
ಒಂದು ಸ್ಯಾಂಪಲ್ಲಿಗೆ ಸಾವಿರದಿನ್ನೂರು.
ಉಗುರಿಗೆ ಬಜೆಟ್ಟಿರಲಿಲ್ಲ.

ಮರುವರ್ಷ ಬೇವಿನ ಪಕ್ಕದ ಖಾಲಿ ಮಡಿ,
ಏನನ್ನೂ ಕಾಣದ, ಏನನ್ನೂ ಕಾಣಬಾರದ ಮಡಿ,
ಹೋಲಿಕೆಗೆಂದೇ ಹಸಿದಿಟ್ಟದ್ದು,
ದಶಮಾಂಶದಾಚೆ ಮೂರನೇ ಮನೆಯಲ್ಲಿ
ಸ್ವಲ್ಪ ಹೆಚ್ಚು ತೂಗಿತು.
ಮತ್ತೆ ಬೀಸಿದೆ, ಮತ್ತೆ ಕಳಿಸಿದೆ.
ಮತ್ತೆ ಅಷ್ಟೇ.

ಕೇಳಿದಾಗ ಪಿಳ್ಳಕ್ಕ ಮುಚ್ಚಿಡಲಿಲ್ಲ.
ಹಳದಿ ತಿರುಗಿತ್ತಮ್ಮ, ನೋಡೋಕಾಗ್ತಿರಲಿಲ್ಲ,
ತಿಪ್ಪೆಯಿಂದ ಒಂದು ಮಂಕರಿ ಸುರಿದೆ.
ಹಸ ಹಾಕಿದ ಗೊಬ್ಬರ.
ಹಸಕ್ಕೇನು ಹಾಕ್ತಿದ್ರಿ?
ನೀವು ಬೇಡ ಅಂದ ಕಳೆ. ಸೋಸಿ ಉಳಿದ ಸೊಪ್ಪಿನ ದಂಟು.

ಕಲಬೆರಕೆ, ಅಂದರು ಗೈಡು. ಆ ಮಡಿ ತೆಗೆದುಹಾಕು.
ತೆಗೆದೆ. ಕೋಷ್ಟಕ ಚೊಕ್ಕಟವಾಯಿತು.
ಅಂಕಿ ಮಾತ್ರ ನೋಟ್‌ಬುಕ್ಕಿನ ಕೊನೆ ಪುಟದಲ್ಲಿದೆ,
ಬಸ್ ಟೈಮಿನ ಕೆಳಗೆ, ಪೆನ್ಸಿಲಿನಲ್ಲಿ.

ಈ ಸಲ ಕಳೆ ತೆಗೆಯುವ ದಿನ
ಅವಳ ಮಡಿಲಿಂದ ಒಂದು ಹಿಡಿ ಇಸಕೊಂಡು
ಕವರಿಗೆ ತುಂಬಿ ಮೇಲೆ ಬರೆದೆ: ಕಳೆ.
ಹೊಡೆದು ಹಾಕಿ ಬರೆದೆ: ಸೊಪ್ಪು.
ಪಿಳ್ಳಕ್ಕ ಕವರು ಎತ್ತಿ ತೂಗಿ ನೋಡಿದಳು.
ಇಷ್ಟರಲ್ಲಿ ಒಬ್ರಿಗೂ ಸಾರಾಗಲ್ಲ, ಅಂದಳು,
ಇನ್ನೊಂದು ಹಿಡಿ ಹಾಕಿದಳು.